ಸಿಲಾಸ್ ಮಾಸ್ತರರ ತೇಪೆ

“ತಪ್ಪು ಕಲಿಸಿದವರಿಗೂ ಕೃತಜ್ಞನಾಗಿರಬೇಕೇ, ಗುರುಗಳೇ?”

ಶಿಷ್ಯ ಹೀಗೆ ಕೇಳಿದಾಗ ಬೆಳಗಿನ ಪಾಠ ಮುಗಿದಿತ್ತು. ಮಾರನೆಯ ದಿನ ಅವನ ಮೊದಲ ಕಛೇರಿ. ಹಾಡಲು ಕೂರುವ ಮೊದಲು ಕಲಿಸಿದವರ ಹೆಸರು ಹೇಳಿ ನಮಸ್ಕರಿಸುವುದು ಆ ಗುರುಮನೆಯ ಪದ್ಧತಿ.

“ಯಾರ ವಿಷಯ ಹೇಳುತ್ತಿದ್ದೀಯ?” ಎಂದರು ಗುರುಗಳು.

“ನಮ್ಮೂರಿನ ಮೇಷ್ಟ್ರು. ಇಲ್ಲಿಗೆ ಬರುವ ಮೊದಲು ಅವರ ಹತ್ತಿರ ಕಲಿತೆ. ಅವರಿಗೆ ಶ್ರುತಿಯೇ ನಿಲ್ಲುತ್ತಿರಲಿಲ್ಲ. ತೋಡಿ ರಾಗದ ಗಾಂಧಾರವನ್ನು ಅವರು ಹಿಡಿಸಿದ ರೀತಿಯನ್ನು ನನ್ನ ಗಂಟಲಿನಿಂದ ಬಿಡಿಸಲು ನೀವು ಎಷ್ಟು ಕಷ್ಟಪಟ್ಟಿರಿ ಎಂಬುದು ನನಗೆ ಗೊತ್ತು. ನಾಳೆ ನಿಮ್ಮ ಹೆಸರಿನ ಜೊತೆಗೆ ಅವರ ಹೆಸರನ್ನೂ ಹೇಳಿದರೆ ಅದು ಸುಳ್ಳಾಗುವುದಿಲ್ಲವೇ?”

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಈ ಕತೆ ಹೇಳಿದರು.

ಕರಾವಳಿಯ ಒಂದು ಬಂದರು ಪಟ್ಟಣದಲ್ಲಿ ಹಳೆಯ ಚರ್ಚೊಂದಿದೆ. ಅಲ್ಲಿ ಆರಾಧನೆ ಕನ್ನಡದಲ್ಲಿ ನಡೆಯುತ್ತದೆ. ಆ ಚರ್ಚಿನ ಅಟ್ಟಣಿಗೆಯ ಮೇಲೆ ಒಂದು ಪೈಪ್ ಆರ್ಗನ್ ಇದೆ. ನೀನು ಅಂಥದನ್ನು ನೋಡಿರಲಾರೆ. ಹಾರ್ಮೋನಿಯಂನ ಮುತ್ತಜ್ಜ ಎಂದುಕೋ. ಒಂದು ಕೋಣೆಯಷ್ಟು ದೊಡ್ಡದು. ಕೆಳಗೆ ಕಮ್ಮಾರನ ತಿದಿಯಂಥ ದೊಡ್ಡ ತಿದಿ. ಒಬ್ಬರು ತಿದಿ ಒತ್ತಬೇಕು, ಇನ್ನೊಬ್ಬರು ನುಡಿಸಬೇಕು. ಮೇಲೆ ಸಾಲುಸಾಲಾಗಿ ಕೊಳವೆಗಳು. ಕೆಲವು ಮರದವು, ಕೆಲವು ತವರ ಸೀಸ ಬೆರೆಸಿ ಮಾಡಿದವು. ಒಂದೊಂದು ಸಾಲಿನಲ್ಲೂ ಸ್ವರಕ್ಕೊಂದು ಕೊಳವೆ. ಕೊಳವೆ ಉದ್ದವಾದಷ್ಟೂ ಸ್ವರ ಕೆಳಗೆ, ಗಿಡ್ಡವಾದಷ್ಟೂ ಮೇಲೆ.

ಚರ್ಚು ಕಟ್ಟಿದ ಪರದೇಶದವರು ಅದನ್ನು ತಮ್ಮ ನಾಡಿನಿಂದ ಹಡಗಿನಲ್ಲಿ ತರಿಸಿದ್ದರು. ಉದ್ದುದ್ದ ಪೆಟ್ಟಿಗೆಗಳನ್ನು ದೋಣಿಯಿಂದ ಇಳಿಸುವಾಗ ಅವು ಶವಪೆಟ್ಟಿಗೆಗಳೆಂದು ತಿಳಿದು ಮೀನುಗಾರ ಮೊಗವೀರರು ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ನಿಂತರಂತೆ. ವಾದ್ಯ ಜೋಡಿಸಿ ಮುಗಿದ ಮೇಲಿನ ಭಾನುವಾರ ಆ ಪೆಟ್ಟಿಗೆಗಳಲ್ಲಿ ಬಂದಿದ್ದ ಕೊಳವೆಗಳ ನಾದ ಕೇಳಿ ಅವರೇ ಚರ್ಚಿನ ಹೊರಗೆ ಬಂದು ನಿಂತರಂತೆ.

ಅದು ಚಳಿ ದೇಶದ ವಾದ್ಯ. ಕಡಲ ತೇವಕ್ಕೆ ಚರ್ಮ ಬೂಷ್ಟು ಹಿಡಿಯಿತು. ಮರ ಉಬ್ಬಿತು. ಗೆದ್ದಲು ಹತ್ತಿತು. ತಂದವರು ಒಂದು ದಿನ ತಮ್ಮ ನಾಡಿಗೆ ಮರಳಿದರು, ವಾದ್ಯ ಇಲ್ಲೇ ಉಳಿಯಿತು. ಊರವರೇ ನುಡಿಸಿದರು. ಕೆಟ್ಟಾಗ ಊರವರೇ ಕೈಗೆ ಸಿಕ್ಕಿದ್ದರಿಂದ ಸರಿಮಾಡಿದರು. ಒಬ್ಬರ ತೇಪೆಯ ಮೇಲೆ ಇನ್ನೊಬ್ಬರು ತೇಪೆ ಹಾಕಿದರು. ಕಡೆಗೆ ಒಂದು ಮಳೆಗಾಲ ತಿದಿಯ ಚೌಕಟ್ಟೇ ಮುರಿದುಬಿತ್ತು. ವಾದ್ಯ ಮೂಕವಾಯಿತು. ಅದರ ಮೇಲೊಂದು ಟಾರ್ಪಾಲು ಹೊದಿಸಿದರು.

ಮೂಕವಾದ ವಾದ್ಯ ಜನರ ಕಣ್ಣಿಗೆ ಬರೀ ಅಡ್ಡಿ. ಅದನ್ನು ಕಿತ್ತು ಮಾರಿದರೆ ಅಟ್ಟಣಿಗೆಯಲ್ಲಿ ಇನ್ನಷ್ಟು ಬೆಂಚು ಹಾಕಬಹುದು ಎಂದರು ಸಭೆಯ ಹಿರಿಯರು. ಚರ್ಚಿನ ಪಾದ್ರಿಯಾದ ಸಭಾಪಾಲಕರು ಬೆಳೆಹಬ್ಬದವರೆಗೆ ಸಮಯ ಕೇಳಿಕೊಂಡರು. ಬೆಳೆಹಬ್ಬವೆಂದರೆ ಆ ವರ್ಷದ ಫಲಕ್ಕಾಗಿ ದೇವರಿಗೆ ಉಪಕಾರ, ಅಂದರೆ ಕೃತಜ್ಞತೆ, ಸಲ್ಲಿಸುವ ಆರಾಧನೆ. ಅಷ್ಟರೊಳಗೆ ವಾದ್ಯ ನುಡಿದರೆ ಸರಿ, ಇಲ್ಲವಾದರೆ ಕೀಳುವುದು ಎಂದು ತೀರ್ಮಾನವಾಯಿತು.

ಸಭಾಪಾಲಕರು ಲಿಡಿಯಾ ಎಂಬವಳನ್ನು ಕರೆಸಿದರು. ಅವಳು ಆ ಕರಾವಳಿಯವಳೇ. ಪರದೇಶಕ್ಕೆ ಹೋಗಿ ಇಂಥ ವಾದ್ಯಗಳನ್ನು ಕಟ್ಟುವ, ಸರಿಮಾಡುವ ವಿದ್ಯೆ ಕಲಿತು ಬಂದಿದ್ದಳು. ಕಿವಿ ಸೂಕ್ಷ್ಮ, ಕೈ ಚುರುಕು, ಮಾತು ಒರಟು.

ಅವಳು ಟಾರ್ಪಾಲು ತೆಗೆದು ಒಳಹೊಕ್ಕಳು. ಕಂಡದ್ದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದಳು. ತಿದಿಯ ಹರಕಿಗೆ ಹಂಚಿನ ಕಾರ್ಖಾನೆಯ ಯಂತ್ರದ ಚರ್ಮದ ಪಟ್ಟೆ ಹೊಲಿದಿದ್ದರು. ತೂತುಬಿದ್ದ ಕೊಳವೆಗಳ ಬುಡಕ್ಕೆ ಮೀನುಬಲೆಯ ಸೀಸದ ಗುಂಡುಗಳನ್ನು ಕರಗಿಸಿ ಮೆತ್ತಿದ್ದರು. ಅಂಟಾಗಿ ಬಳಸಿದ್ದು ಹುಣಿಸೆ ಬೀಜದ ಗೋಂದು. ಗೆದ್ದಲಿಗೆಂದು ದೋಣಿಗೆ ಬಳಿಯುವ ಗೇರುಬೀಜದ ಎಣ್ಣೆಯನ್ನೇ ಬಳಿದಿದ್ದರು. ಒಂದು ಮರದ ಕೊಳವೆ ಪೂರ್ತಿ ಹೊಸತು, ಅದೂ ಹಲಸಿನ ಮರದ್ದು. ಎಲ್ಲಕ್ಕಿಂತ ಅವಳನ್ನು ಕೆರಳಿಸಿದ್ದು ಒಂದು ಸಾಲು ಲೋಹದ ಕೊಳವೆಗಳು. ಅವುಗಳ ತುದಿಯನ್ನು ಯಾರೋ ಕತ್ತರಿಸಿ ಗಿಡ್ಡ ಮಾಡಿದ್ದರು. ಗಾಯಕರ ಜೊತೆ ನುಡಿಸುತ್ತಿದ್ದ ಹಾರ್ಮೋನಿಯಂಗೆ ಹೊಂದಲಿ ಎಂದು ಸ್ವರ ಏರಿಸಲು ಹೊರಟಿದ್ದರು. ಆ ಸಾಲು ಹಾರ್ಮೋನಿಯಂಗೆ ಹೊಂದಿತ್ತೋ ಏನೋ, ಉಳಿದ ವಾದ್ಯದ ಜೊತೆ ಮಾತ್ರ ಮತ್ತೆಂದೂ ಹೊಂದಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕೆಲಸ ಎಲ್ಲಿಗೆ ಬಂತೆಂದು ಹಿರಿಯರು ಕೇಳಿದರು. ಲಿಡಿಯಾ ಎಲ್ಲರ ಎದುರು ಒಂದು ಮೇಜಿನ ಮೇಲೆ ಆ ಚರ್ಮದ ಪಟ್ಟೆಯ ಒಂದು ತುಂಡು, ಸೀಸದ ಒಂದು ಗಡ್ಡೆ, ಗಿಡ್ಡ ಕೊಳವೆಗಳನ್ನು ಜೋಡಿಸಿದಳು. ಒಂದು ಕೊಳವೆಯನ್ನು ಬಾಯಿಗಿಟ್ಟು ಊದಿದಳು. ಆಮೇಲೆ ಬೇರೆ ಸಾಲಿನಲ್ಲಿ ಅದರ ಜೋಡಿಯಾಗಬೇಕಿದ್ದ ಇನ್ನೊಂದನ್ನು ಊದಿದಳು. ಎರಡೂ ಒಂದಕ್ಕೊಂದು ಮುಖ ತಿರುಗಿಸಿಕೊಂಡಂತಿದ್ದವು. ಜನ ನಕ್ಕರು.

“ಈ ಕೆಲಸ ಮಾಡಿದವನು ವಾದ್ಯವನ್ನು ರಿಪೇರಿ ಮಾಡಲಿಲ್ಲ, ಕೊಂದ” ಎಂದಳು ಲಿಡಿಯಾ.

ನಗು ಅಲ್ಲಿಗೇ ನಿಂತಿತು. ಮುಂದಿನ ಬೆಂಚಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದರು. ಬೆಂಚಿಗೆ ನೇತುಹಾಕಿದ್ದ ಕೊಡೆ ತೆಗೆದುಕೊಂಡು ಯಾರನ್ನೂ ನೋಡದೆ ಹೊರಗೆ ಹೋದರು.

“ಯಾರು ಅವರು?” ಎಂದು ಲಿಡಿಯಾ ಆಮೇಲೆ ಸಭಾಪಾಲಕರನ್ನು ಕೇಳಿದಳು.

“ದೊರ್ಕಬಾಯಿ. ಇಲ್ಲಿ ನುಡಿಸುತ್ತಿದ್ದ ಸಿಲಾಸ್ ಮಾಸ್ತರರ ಮಗಳು. ಈ ತೇಪೆಗಳಲ್ಲಿ ಹೆಚ್ಚಿನವು ಮಾಸ್ತರರದ್ದೇ.”

ಲಿಡಿಯಾಳ ಮುಖ ಕಪ್ಪಿಟ್ಟಿತು. ಆದರೂ ಅವಳು ಬಗ್ಗಲಿಲ್ಲ. “ನಾನು ಸುಳ್ಳು ಹೇಳಲಿಲ್ಲ, ಅಯ್ಯನವರೇ.”

“ಇಲ್ಲ, ಸುಳ್ಳು ಹೇಳಲಿಲ್ಲ” ಎಂದರು ಸಭಾಪಾಲಕರು.

ಮುಂದಿನ ಭಾನುವಾರ ಆ ಬೆಂಚಿನ ತುದಿ ಖಾಲಿಯಿತ್ತು. ಅದರ ಮುಂದಿನ ಭಾನುವಾರವೂ ಖಾಲಿಯೇ. ಲಿಡಿಯಾ ಅಟ್ಟಣಿಗೆಯಿಂದ ಅದನ್ನು ನೋಡಿದಳು, ನೋಡದವಳಂತೆ ಕೆಲಸ ಮುಂದುವರಿಸಿದಳು.

ಕೆಲಸ ಒಂದು ಕಡೆ ಬಂದು ನಿಂತುಬಿಟ್ಟಿತು. ಗಿಡ್ಡವಾದ ಕೊಳವೆಗಳನ್ನು ಉದ್ದ ಮಾಡಲೇಬೇಕು. ಅವಳು ಹೊಸ ತವರ ಸೀಸ ಬೆರೆಸಿ ತಗಡು ಮಾಡಿ ಬೆಸೆದು ನೋಡಿದಳು. ಉದ್ದವೇನೋ ಸರಿಹೋಯಿತು, ಧ್ವನಿ ಸರಿಬರಲಿಲ್ಲ. ಹಳೆಯ ಲೋಹದ ದನಿಗೆ ಹೊಸ ಲೋಹ ಕೂಡಿಕೊಳ್ಳಲಿಲ್ಲ. ಅದೇ ಬಗೆಯ ಹಳೆಯ ಲೋಹವನ್ನು ಪರದೇಶದಿಂದ ತರಿಸುವಷ್ಟರಲ್ಲಿ ಬೆಳೆಹಬ್ಬ ಕಳೆದಿರುತ್ತದೆ. ಹಿರಿಯರೊಬ್ಬರು ಆಗಲೇ ಬೆಂಚು ಮಾಡಿಸಲು ಅಟ್ಟಣಿಗೆಯ ಅಳತೆ ತೆಗೆದುಕೊಂಡು ಹೋಗಿದ್ದರು.

ದಾರಿ ಕಾಣದೆ ಅವಳು ಆ ಸಾಲನ್ನು ಪಕ್ಕಕ್ಕಿಟ್ಟು ತಿದಿಯ ಕೆಲಸಕ್ಕೆ ಕುಳಿತಳು. ತಿದಿಯಲ್ಲಿ ಉಳಿದಿದ್ದ ಯಂತ್ರದ ಪಟ್ಟೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಬಿಚ್ಚುತ್ತ ಬಿಚ್ಚುತ್ತ ಅವಳ ಕೈ ನಿಧಾನವಾಯಿತು. ಹೊಲಿದವರು ಚಮ್ಮಾರಿಕೆ ಕಲಿತವರಲ್ಲ, ಅದು ತಿಳಿಯುತ್ತಿತ್ತು. ಆದರೆ ಅವರು ಹಳೆಯ ಚರ್ಮದಲ್ಲಿ ಹೊಸ ತೂತನ್ನು ಎಲ್ಲಿಯೂ ಮಾಡಿರಲಿಲ್ಲ. ಮೊದಲು ಕಟ್ಟಿದವರು ಮಾಡಿದ್ದ ತೂತುಗಳನ್ನೇ ಹುಡುಕಿ ಹುಡುಕಿ ಅವುಗಳಲ್ಲೇ ದಾರ ಪೋಣಿಸಿದ್ದರು. ಮರಕ್ಕೆ ಮೊಳೆ ಹೊಡೆಯುವಾಗಲೂ ಹಳೆಯ ಮೊಳೆಯ ಜಾಗದಲ್ಲೇ ಹೊಡೆದಿದ್ದರು. ಹುಣಿಸೆ ಗೋಂದು ಬಿಸಿನೀರು ತಾಗಿದ ಕೂಡಲೇ ಕರಗಿ ಬಿಟ್ಟುಕೊಂಡಿತು. ಕೆಳಗಿನ ಮರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ತಿಳಿಯದವನ ಕೈ ಹೀಗಿರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಮತ್ತೆ ಯೋಚಿಸಿದಳು. ಅಲ್ಲ, ತಿಳಿಯದವನದೇ ಕೈ. ತನಗೆ ತಿಳಿಯದು ಎಂದು ಬಲ್ಲವನ ಕೈ.

ಅವಳು ಸೂಜಿ ಕೆಳಗಿಟ್ಟಳು. ಕೈ ತೊಳೆದುಕೊಂಡು ದೊರ್ಕಬಾಯಿಯ ಮನೆ ಕೇಳಿಕೊಂಡು ಹೋದಳು.

ದೊರ್ಕಬಾಯಿ ಜಗಲಿಯಲ್ಲಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಲಿಡಿಯಾಳನ್ನು ಕಂಡು ಏಳಲಿಲ್ಲ, ಬೈಯಲೂ ಇಲ್ಲ.

“ಅಮ್ಮಾ, ಆ ದಿನ ನಾನು ಹಾಗೆ ಹೇಳಬಾರದಿತ್ತು. ನಿಮ್ಮ ತಂದೆ ಎಂದು ಗೊತ್ತಿರಲಿಲ್ಲ” ಎಂದಳು ಲಿಡಿಯಾ.

“ಗೊತ್ತಿದ್ದರೆ ಎಂತ ಹೇಳುತ್ತಿದ್ದೆ?” ಎಂದರು ದೊರ್ಕಬಾಯಿ. “ಕೂತುಕೋ ಮಗಳೇ. ನೀನು ಹೇಳಿದ್ದು ಸುಳ್ಳಲ್ಲ. ಅಪ್ಪ ನುಡಿಸುವಾಗ ಅದು ಆಡು ಕೂಗಿದ ಹಾಗೆ ಕೇಳುತ್ತಿತ್ತು. ಆಗಲೂ ಜನ ನಗುತ್ತಿದ್ದರು. ಆಗ ಅಪ್ಪನೂ ಅವರ ಜೊತೆ ನಗುತ್ತಿದ್ದರು. ನೀನು ಹೇಳುವಾಗ ನಗಲಿಕ್ಕೆ ಅಪ್ಪ ಅಲ್ಲಿ ಇರಲಿಲ್ಲ. ಅದಕ್ಕೇ ನನಗೆ ಕೂತಿರಲು ಆಗಲಿಲ್ಲ.”

ಲಿಡಿಯಾ ಜಗಲಿಯ ಅಂಚಿನಲ್ಲಿ ಕುಳಿತಳು.

“ಅವರು ಯಾಕೆ ಹಾಗೆ ಮಾಡಿದರು, ಅಮ್ಮ?”

ದೊರ್ಕಬಾಯಿ ಹೇಳಿದರು. ಅದು ದೊಡ್ಡ ಯುದ್ಧದ ಕಾಲ. ಹಡಗುಗಳಿಲ್ಲ. ಚರ್ಮವಿಲ್ಲ, ಕೊಳವೆಯಿಲ್ಲ, ಕಟ್ಟಿದವರಿಗೆ ಒಂದು ಮಾತು ಕೇಳುವ ದಾರಿಯೂ ಇಲ್ಲ. ಅದೇ ಹೊತ್ತಿಗೆ ತಿದಿ ಹರಿದು ವಾದ್ಯ ನಿಂತಿತು. ತವರಕ್ಕೆ, ಸೀಸಕ್ಕೆ ಎಲ್ಲ ಕಡೆ ಬೇಡಿಕೆಯಿದ್ದ ದಿನಗಳು ಅವು. ನುಡಿಯದ ವಾದ್ಯ ಇಟ್ಟುಕೊಂಡು ಏನು ಮಾಡುವುದು, ಕರಗಿಸುವವರಿಗೆ ಕೊಟ್ಟುಬಿಡೋಣ ಎಂದು ಆಗಿನ ಹಿರಿಯರು ತೀರ್ಮಾನಿಸಿದರು. ಸಿಲಾಸ್ ಅವರು ಶಾಲೆಯ ಮಾಸ್ತರರು. ಅವರಿಗೆ ನುಡಿಸಲು ಬರುತ್ತಿತ್ತು, ಸರಿಮಾಡಲು ಬರುತ್ತಿರಲಿಲ್ಲ. ಆದರೂ ಹಂಚಿನ ಕಾರ್ಖಾನೆಯಿಂದ ಸವೆದ ಪಟ್ಟೆ ಬೇಡಿ ತಂದರು. ಮೀನುಗಾರರ ಕೇರಿಗೆ ಹೋಗಿ ಸೀಸದ ಗುಂಡು ಕೇಳಿದರು. ಹಿತ್ತಲಿನ ಹಲಸಿನ ಮರ ಕಡಿಸಿದರು. ಮಾಸ್ತರರ ಹೆಂಡತಿ ತಿದಿ ಒತ್ತಿದರು, ಮಾಸ್ತರರು ನುಡಿಸಿದರು. ಭಾನುವಾರ ವಾದ್ಯದಿಂದ ಒಂದು ಬಗೆಯ ಸದ್ದು ಹೊರಟಿತು. ಸದ್ದು ಹೊರಟ ಮೇಲೆ ಅದನ್ನು ಕರಗಿಸಲು ಯಾರಿಗೂ ಮನಸ್ಸು ಬರಲಿಲ್ಲ.

“ಹೀಗೆ ನುಡಿಸುವುದಕ್ಕಿಂತ ಸುಮ್ಮನಿರುವುದು ಮೇಲಲ್ಲವಾ ಅಂತ ಅಮ್ಮ ಒಂದು ಸಲ ಬೇಸರದಲ್ಲಿ ಕೇಳಿದ್ದರು” ಎಂದರು ದೊರ್ಕಬಾಯಿ. “ಅದಕ್ಕೆ ಅಪ್ಪ, ‘ಒಂದು ಸ್ವರವಾದರೂ ಹೊರಡುತ್ತಾ ಇದ್ದರೆ ಇದನ್ನು ಯಾರೂ ಕೀಳುವುದಿಲ್ಲ. ನಾನು ಕೆಡಿಸಿದ್ದನ್ನು ಸರಿಮಾಡುವವರು ಯಾರಾದರೂ ಬರುತ್ತಾರೆ. ಅವರು ಬರುವಾಗ ವಾದ್ಯ ಇರಬೇಕಲ್ಲ?’ ಅಂದರು. ತಿಳಿದವರು ಬರುತ್ತಾರೆ ಅಂತ ಸಾಯುವವರೆಗೂ ಹೇಳುತ್ತಿದ್ದರು. ಎಷ್ಟು ಕಾದರೂ ಯಾರೂ ಬರಲಿಲ್ಲ.”

ಅವರು ಲಿಡಿಯಾಳ ಮುಖ ನೋಡಿದರು.

“ಈಗ ನೀನು ಬಂದಿದ್ದೀ.”

ಪರದೇಶದಲ್ಲಿ ಲಿಡಿಯಾಳಿಗೆ ಕಲಿಸಿದವರು ಹಲವರಿದ್ದರು, ಹೊಗಳಿದವರೂ ಇದ್ದರು. ತಾನು ಹುಟ್ಟುವ ಮೊದಲೇ ತನಗಾಗಿ ಯಾರೋ ಕಾದಿದ್ದರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ದೊರ್ಕಬಾಯಿ ಅವಳನ್ನು ಅಳಲು ಬಿಟ್ಟು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಬರುವಾಗ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು.

“ಇದು ಏನಕ್ಕೆ ಅಂತ ನನಗೆ ಗೊತ್ತಿಲ್ಲ. ಎಸೆಯಬೇಡ ಅಂದಿದ್ದರು ಅಪ್ಪ, ಎಸೆಯಲಿಲ್ಲ. ನಿನಗೇನಾದರೂ ಗೊತ್ತಾಗುತ್ತದಾ ನೋಡು.”

ಡಬ್ಬಿಯ ತುಂಬ ಲೋಹದ ಬಳೆಗಳು. ಕೆಲವು ಕೈಬೆರಳಿಗೆ ಹಾಕುವಷ್ಟು ಸಣ್ಣವು, ಕೆಲವು ಮಣಿಕಟ್ಟಿಗೆ ಹಾಕುವಷ್ಟು ದೊಡ್ಡವು. ಲಿಡಿಯಾ ಒಂದನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಸೂಜಿಯಿಂದ ಕೆತ್ತಿದ ಒಂದು ಅಕ್ಷರವಿತ್ತು. ಕತ್ತರಿಸಿದ ಕೊಳವೆಗಳ ತುದಿಗಳು ಅವು. ಯಾವ ತುದಿ ಯಾವ ಸ್ವರದ ಕೊಳವೆಯದೆಂದು ಮಾಸ್ತರರು ಗುರುತು ಹಾಕಿಟ್ಟಿದ್ದರು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಅವರಿಗೆ ತಿಳಿದಿರಲಿಲ್ಲ. ತಪ್ಪಾಗಿದ್ದರೆ ಮುಂದೆ ಬರುವವರಿಗೆ ಬೇಕಾದೀತು ಎಂದು ಒಂದನ್ನೂ ಬಿಸಾಡಿರಲಿಲ್ಲ.

ಲಿಡಿಯಾ ಆ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಚರ್ಚಿಗೆ ನಡೆದಳು. ಒಂದೊಂದು ಕೊಳವೆಗೂ ಅದರದೇ ತುದಿಯನ್ನು ಬೆಸೆದಳು. ಹೆಚ್ಚಿನವು ಕೂಡಿಕೊಂಡವು. ಕೆಲವು ತುದಿಗಳು ಡಬ್ಬಿಯಲ್ಲಿರಲಿಲ್ಲ, ಎಲ್ಲಿ ಬಿದ್ದುಹೋಗಿದ್ದವೋ. ಅವಕ್ಕೆ ಹೊಸ ಲೋಹವನ್ನೇ ಹಾಕಬೇಕಾಯಿತು. ಕಿವಿಗೊಟ್ಟು ಕೇಳಿದರೆ ಅವು ಇಂದಿಗೂ ಬೇರೆಯಾಗಿ ಕೇಳಿಸುತ್ತವೆ. ಯಂತ್ರದ ಪಟ್ಟೆ ತೆಗೆದು ತಿದಿಗೆ ಒಳ್ಳೆಯ ಚರ್ಮ ಹಾಕಿದಳು. ಸೀಸದ ಗಡ್ಡೆಗಳನ್ನು ಬಿಡಿಸಿದಳು. ಮಾಸ್ತರರ ತಪ್ಪುಗಳನ್ನು ತಪ್ಪುಗಳೆಂದೇ ತಿದ್ದಿದಳು, ಒಂದನ್ನೂ ಮುಲಾಜಿಗೆ ಬಿಡಲಿಲ್ಲ. ಹಲಸಿನ ಕೊಳವೆಯನ್ನು ಮಾತ್ರ ಊದಿ ನೋಡಿ ಅದರ ಜಾಗದಲ್ಲೇ ನಿಲ್ಲಿಸಿದಳು. ಅದರ ದನಿ ತುಸು ಮೊಂಡು, ಆದರೆ ಸ್ವರ ಸರಿಯಿತ್ತು. ಅದರ ಅಕ್ಕಪಕ್ಕದ ಪರದೇಶದ ಮರದ ಕೊಳವೆಗಳನ್ನು ಗೆದ್ದಲು ಅಲ್ಲಲ್ಲಿ ತಿಂದಿತ್ತು, ಅದನ್ನು ಮುಟ್ಟಿರಲಿಲ್ಲ.

ಚೌಕಟ್ಟು ಜೋಡಿಸಲು ಬಂದ ಬಡಗಿ ಅವಳು ಬಳಸುತ್ತಿದ್ದ ಅಂಟು ನೋಡಿ, “ಇದು ನೀರು ತಾಗಿದರೆ ಬಿಡುತ್ತದೆ. ಈಗ ಒಳ್ಳೆಯ ಅಂಟು ಸಿಗುತ್ತದಲ್ಲ, ಒಮ್ಮೆ ಹಿಡಿದರೆ ಮರ ಮುರಿದೀತು, ಅದು ಬಿಡುವುದಿಲ್ಲ” ಎಂದ.

“ಬಿಡಬೇಕು” ಎಂದಳು ಲಿಡಿಯಾ. “ನನ್ನ ಕೆಲಸವನ್ನೂ ಮುಂದೆ ಯಾರಾದರೂ ಬಿಚ್ಚಬೇಕಾಗುತ್ತದೆ.”

ಬೆಳೆಹಬ್ಬ ಬಂತು. ಜನ ತಮ್ಮ ಫಲಗಳನ್ನು ತಂದು ಮುಂದೆ ರಾಶಿ ಹಾಕಿದ್ದರು. ಬಾಳೆಗೊನೆ, ಸೌತೆಕಾಯಿ, ಕುಚ್ಚಲಕ್ಕಿ, ತೆಂಗಿನಕಾಯಿ. ಲಿಡಿಯಾಳೇ ನುಡಿಸಲು ಕುಳಿತಳು. ಮೊದಲ ಸ್ವರ ಹೊರಟಾಗ ಬಾಗಿಲಲ್ಲಿ ನಿಂತವರು ಮಾತು ನಿಲ್ಲಿಸಿದರು. ಬೆಂಚಿನ ಅಳತೆ ತೆಗೆದುಕೊಂಡಿದ್ದ ಹಿರಿಯರೇ ಎಲ್ಲರಿಗಿಂತ ಜೋರಾಗಿ ಹಾಡಿದರು.

ಸಭಾಪಾಲಕರು ಲಿಡಿಯಾಳ ಹೆಸರು ಹೇಳಿ ಉಪಕಾರ ಸಲ್ಲಿಸಿದರು. ಅವಳು ಅಟ್ಟಣಿಗೆಯ ಕಟಕಟೆಯ ಬಳಿ ಎದ್ದು ನಿಂತಳು.

“ಈ ವಾದ್ಯವನ್ನು ಕೊಂದವರು ಎಂದು ಒಬ್ಬರ ಬಗ್ಗೆ ಇಲ್ಲೇ ಹೇಳಿದ್ದೆ. ಅವರು ಕೊಲ್ಲಲಿಲ್ಲ. ನಾನು ಬರುವವರೆಗೆ ಉಸಿರು ಹಿಡಿದು ನಿಲ್ಲಿಸಿದ್ದರು. ಅವರು ಸಿಲಾಸ್ ಮಾಸ್ತರರು” ಎಂದಳು. ಮತ್ತೆ ವಾದ್ಯದ ಮುಂದೆ ಕುಳಿತಳು.

ದೊರ್ಕಬಾಯಿ ತಮ್ಮ ಬೆಂಚಿನಲ್ಲಿದ್ದರು. ಆರಾಧನೆಯ ಉದ್ದಕ್ಕೂ ಅವರು ಹಾಡಲಿಲ್ಲ. ತಲೆ ತಗ್ಗಿಸಿ ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಲಿಡಿಯಾ ಕೆಳಗಿಳಿದು ಅವರ ಹತ್ತಿರ ಬಂದಳು. ಅವರು ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

“ಅಪ್ಪ ನುಡಿಸಿದ್ದನ್ನು ಎಷ್ಟೋ ವರ್ಷ ಕೇಳಿದ್ದೇನೆ ಮಗಳೇ. ಆ ಆಡಿನ ಕೂಗನ್ನು ಅಷ್ಟು ಆಸೆಯಿಂದ ಯಾಕೆ ನುಡಿಸುತ್ತಾರೆ ಅಂತ ನನಗೆ ಅರ್ಥವೇ ಆಗಿರಲಿಲ್ಲ. ಅಪ್ಪನ ಕಿವಿಗೆ ಎಂತ ಕೇಳುತ್ತಿತ್ತು ಅಂತ ಇವತ್ತು ಗೊತ್ತಾಯಿತು” ಎಂದರು.

ಗುರುಗಳು ಕತೆ ನಿಲ್ಲಿಸಿದರು.

“ನಮ್ಮೂರಿನಲ್ಲಿ ಬೇರೆ ಯಾರಿಗೂ ಹಾಡಿನ ಗಂಧವಿರಲಿಲ್ಲ, ಗುರುಗಳೇ” ಎಂದು ಶಿಷ್ಯ ಮೆಲ್ಲಗೆ ಹೇಳಿದ. ಮೇಷ್ಟ್ರು ಕರೆದು ಕೂರಿಸದಿದ್ದರೆ ತಾನು ಹಾಡಿನ ದಾರಿಗೇ ಬರುತ್ತಿರಲಿಲ್ಲ ಎಂದ. ‘ನೀನು ಇನ್ನೂ ಹೆಚ್ಚು ತಿಳಿದವರ ಹತ್ತಿರ ಹೋಗು’ ಎಂದು ಇಲ್ಲಿಗೆ ಕಳಿಸಿದವರೂ ಅವರೇ ಎಂದ. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನಿಂತ.

“ಅರ್ಥವಾಯಿತು. ನಾಳೆ ಮೊದಲು ಅವರ ಹೆಸರು ಹೇಳುತ್ತೇನೆ. ಅವರ ತಪ್ಪನ್ನು ತಿದ್ದಿ ನನಗೆ ಸರಿಯಾದದ್ದನ್ನು ಕೊಟ್ಟವರು ನೀವು. ಆಮೇಲೆ ನಿಮ್ಮ ಹೆಸರು.”

ಗುರುಗಳು ನಕ್ಕರು.

“ನಾನು ಕಲಿಸಿದ್ದರಲ್ಲಿ ಯಾವುದು ತಪ್ಪೆಂದು ನಿನ್ನ ಶಿಷ್ಯ ಬಂದು ತೋರಿಸುವ ದಿನ, ನನ್ನ ಬಗ್ಗೆ ಅವನಿಗೆ ಏನು ಹೇಳುತ್ತೀಯ?”